ಕಪ್ಪು ಕಾರು, ಕೆಂಪು ಧೂಳು

ಹಾಸನದ ಸೀಮೆಯಲ್ಲಿ ಕಪ್ಪು ಕಾರು ಕೊಳ್ಳಲು ಹೊರಟವರಿಗೆ ಮೊದಲು ಅಡ್ಡ ಬರುವುದು ಶನಿಮಹಾತ್ಮ. ‘ಬೇರೆ ಬಣ್ಣ ಸಿಗ್ಲಿಲ್ವೇನೋ ಮಗಾ?’ ಎಂದು ದೊಡ್ಡಮ್ಮ ಕೇಳುತ್ತಾರೆ. ಅವರನ್ನು ಹೇಗೋ ಒಪ್ಪಿಸಿದರೆ, ಬಿಸಿಲಿಗೆ ಬೆಂದುಹೋಗುತ್ತೀಯ ಎನ್ನಲು ಭಾವ ಕಾದಿರುತ್ತಾರೆ. ಇಬ್ಬರಿಗೂ ನನ್ನ ಬಳಿ ಉತ್ತರವಿದೆ. ನಾವು ಕೈಮುಗಿಯುವ ಕೇಶವನೂ ನರಸಿಂಹನೂ ಕಪ್ಪು ಕಲ್ಲಿನಲ್ಲೇ ನಿಂತವರು, ದೊಡ್ಡಮ್ಮ. ಇನ್ನು ಬಿಸಿಲು: ಸಾವಿರ ಮೀಟರಿಗೆ ಹತ್ತಿರದ ಎತ್ತರದಲ್ಲಿರುವ, ಬಡವರ ಊಟಿ ಎಂದು ಹೆಸರಾದ ಊರು ಇದು; ಕಲಬುರಗಿಯಲ್ಲಿ ಕಷ್ಟವಾಗುವ ಬಣ್ಣ ಇಲ್ಲಿ ಧಾರಾಳವಾಗಿ ನಡೆಯುತ್ತದೆ. ಆದರೆ ಮೂರನೆಯ ಮಾತೊಂದನ್ನು ಎಲ್ಲರೂ ಆಡುತ್ತಾರೆ, ಅದು ಮಾತ್ರ ನಿಜ. ‘ಕಪ್ಪು ಕಾರು ತಗೊಳ್ಳೋದು ಸುಲಭ, ಇಟ್ಕೊಳ್ಳೋದು ಕಷ್ಟ.’

ಯಾಕೆ ಕಷ್ಟ ಎನ್ನುವುದನ್ನು ಬೆಳಕಿನಿಂದ ತಿಳಿಯಬೇಕು. ಕಾರಿನ ಮೇಲ್ಮೈಗೆ ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ 4 ಪಾಲು ಮಾತ್ರ ಹೊರಗಿನ ಪಾರದರ್ಶಕ ಪದರದಿಂದಲೇ ವಾಪಸಾಗುತ್ತದೆ. ಉಳಿದದ್ದು ಒಳಗಿನ ಬಣ್ಣಕ್ಕೆ ಹೋಗುತ್ತದೆ. ಬಿಳಿ ಬಣ್ಣ ಅದನ್ನೆಲ್ಲ ದಿಕ್ಕುದಿಕ್ಕಿಗೆ ಚೆಲ್ಲುವುದರಿಂದ ಆ 4 ಪಾಲು ಅದರಲ್ಲಿ ಮುಳುಗಿಹೋಗುತ್ತದೆ. ಮೇಲ್ಮೈಯ ಗೀರೂ ಮುಳುಗುತ್ತದೆ, ಧೂಳೂ ಮುಳುಗುತ್ತದೆ. ಕಪ್ಪು ಹಾಗಲ್ಲ. ಒಳಗೆ ಹೋದ ಬೆಳಕನ್ನು ನುಂಗಿಕೊಂಡು ಸುಮ್ಮನಾಗುತ್ತದೆ. ಕಣ್ಣಿಗೆ ಉಳಿಯುವುದು ಆ ಮೇಲಿನ 4 ಪಾಲು ಮಾತ್ರ. ಹಾಗಾಗಿ ಕಪ್ಪು ಕಾರನ್ನು ನೋಡುವುದೆಂದರೆ ಅದರ ಬಣ್ಣವನ್ನು ನೋಡುವುದಲ್ಲ, ಅದರಲ್ಲಿ ಕಾಣುವ ಆಕಾಶವನ್ನು, ತೆಂಗಿನ ಗರಿಯನ್ನು, ಎದುರಿಗೆ ನಿಂತ ಮನುಷ್ಯನನ್ನು ನೋಡುವುದು. ಮೇಲ್ಮೈ ನುಣುಪಾಗಿದ್ದರೆ ಕನ್ನಡಿ. ಸಣ್ಣಗೆ ತರಚಿದ್ದರೆ ಬೂದುಗಪ್ಪು.

ನಮ್ಮ ಜಿಲ್ಲೆಯ ಕಲ್ಲುಕುಟಿಗರಿಗೆ ಇದು ಗೊತ್ತಿತ್ತು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಬೆಟ್ಟ ಹತ್ತುವ ಅವಸರದಲ್ಲಿ ಬಹಳ ಜನ ನೋಡದೆ ಬಿಡುವ ಅಕ್ಕನ ಬಸದಿ ಇದೆ. ಎರಡನೆಯ ವೀರಬಲ್ಲಾಳನ ಮಂತ್ರಿ ಚಂದ್ರಮೌಳಿಯ ಹೆಂಡತಿ ಆಚಿಯಕ್ಕ 1181ರಲ್ಲಿ ಕಟ್ಟಿಸಿದ್ದು. ಒಳಗಿನ ಕಂಬಗಳನ್ನು ತಿರುಗಿಸಿ ಕಡೆದು, ಆಮೇಲೆ ಉಜ್ಜಿ ಉಜ್ಜಿ ಮೆರುಗು ಕೊಟ್ಟಿದ್ದಾರೆ. ಬಾಗಿಲ ಬೆಳಕು ಆ ಕಪ್ಪು ಮೈಮೇಲೆ ಗೆರೆಯಾಗಿ ನಿಲ್ಲುತ್ತದೆ. ಬಳಪದ ಕಲ್ಲಿಗೆ ಅವರು ಯಾವ ಬಣ್ಣವನ್ನೂ ಬಳಿಯಲಿಲ್ಲ. ಒರಟನ್ನು ತೆಗೆದರು, ಅಷ್ಟೇ. ಕಾರಿನ ಹೊಳಪಿನ ಬಗ್ಗೆ ಯಾರಾದರೂ ನನ್ನನ್ನು ಕೇಳಿದರೆ ಮೊದಲು ಅಲ್ಲಿಗೆ ಹೋಗಿಬನ್ನಿ ಅನ್ನುತ್ತೇನೆ. ಕಲ್ಲಿಗೂ ಕಾರಿಗೂ ಒಂದು ವ್ಯತ್ಯಾಸ ಮಾತ್ರ ಇದೆ: ಕಂಬದಲ್ಲಿ ತೆಗೆಯಲು ಬೇಕಾದಷ್ಟು ಕಲ್ಲಿತ್ತು. ಕಾರಿನಲ್ಲಿ ತೆಗೆಯಲು ಏನೂ ಇಲ್ಲ.

ಏನೂ ಇಲ್ಲ ಎಂದರೆ ಎಷ್ಟಿದೆ? ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಕಪ್ಪು ಬಣ್ಣ, ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟ್. ಕಾರ್ಖಾನೆಯಿಂದ ಬಂದ ಕಾರಿನಲ್ಲಿ ಇವೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 40–50 ಮೈಕ್ರಾನ್. ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಹೊಳಪೆಲ್ಲ ಇರುವುದು ಅದರಲ್ಲೇ. ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆಯುವುದೂ ಅದೇ. ಅದು ಸವೆದು ಹೋದರೆ ಬಾನೆಟ್ಟು ಬಿಳಿಚಿಕೊಂಡು ಸಿಪ್ಪೆ ಏಳುತ್ತದೆ. ಆಮೇಲೆ ಯಾವ ಪಾಲಿಶೂ ನಡೆಯದು, ಹೊಸದಾಗಿ ಪೇಂಟ್ ಹೊಡೆಸಬೇಕು.

ಅಂಥ ತೆಳು ಪದರದ ಮೇಲೆ ನಮ್ಮ ಕಡೆಯ ತಾಲ್ಲೂಕುಗಳು ವರ್ಷವಿಡೀ ಏನೇನು ಸುರಿಯುತ್ತವೆ ನೋಡಿ. ಚನ್ನರಾಯಪಟ್ಟಣದ ಕಡೆ ಬೇಸಿಗೆಯ ಕೆಮ್ಮಣ್ಣು. ಕೆಂಪು ಮಣ್ಣೆಂದರೆ ಬರೀ ಮಣ್ಣಲ್ಲ, ಅದರಲ್ಲಿ ಬೆಣಚುಕಲ್ಲಿನ ಸಣ್ಣ ಹರಳುಗಳಿರುತ್ತವೆ. ಮೋಸ್ ಅಳತೆಯಲ್ಲಿ ಬೆಣಚಿನ ಗಡಸುತನ 7. ಗಾಜನ್ನೇ ಗೀರುವ ವಸ್ತು ಅದು, ಕ್ಲಿಯರ್ ಕೋಟ್ ಯಾವ ಲೆಕ್ಕ. ಸುಗ್ಗಿ ಬಂತೆಂದರೆ ಹೊಳೆನರಸೀಪುರದ ಸುತ್ತಿನ ಹಳ್ಳಿ ರಸ್ತೆಗಳೇ ಕಣ. ರಾಗಿ ಹುಲ್ಲು, ಹುರುಳಿ ಸೊಪ್ಪನ್ನು ಟಾರಿನ ಮೇಲೆ ಹರಡಿರುತ್ತಾರೆ, ಒಕ್ಕಣೆ ಗಾಡಿಯವರಾದ ನಮ್ಮದು. ರೈತನ ಕಷ್ಟ ನೋಡಿದವರು ಅದಕ್ಕೆ ಬೇಸರಿಸುವುದಿಲ್ಲ. ಹೆಂಗಸರು ಮೊರ ಹಿಡಿದು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ, ನಾವು ನಿಧಾನಕ್ಕೆ ಹತ್ತಿಸಿಕೊಂಡು ಹೋಗುತ್ತೇವೆ. ಆದರೆ ಹುಲ್ಲಿನ ಜಾತಿಯ ಬೆಳೆಗಳಲ್ಲಿ ಸಿಲಿಕಾ ಇರುತ್ತದೆ. ಕಾರಿನ ಮೇಲೆ ಕೂತ ಹೊಟ್ಟಿನ ಪುಡಿ ಮೆತ್ತಗೆ ಕಂಡರೂ ಮೆತ್ತಗಿಲ್ಲ. ಅರಕಲಗೂಡಿನ ಕಡೆ ಇನ್ನೊಂದು ಬಗೆ. ರಾಮನಾಥಪುರ, ಕೊಣನೂರಿನ ಸೀಮೆಯಲ್ಲಿ ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳಿಗೆ ಸೌದೆ ಉರಿಯುತ್ತಿರುತ್ತದೆ, ಆ ದಿನಗಳಲ್ಲಿ ಬೆಳಿಗ್ಗೆ ಕಾರಿನ ಮೇಲಿನ ಇಬ್ಬನಿಯಲ್ಲಿ ಮಸಿ ಕಲೆಸಿಕೊಂಡಿರುತ್ತದೆ. ಮೊದಲ ಮಳೆ ಬಿದ್ದ ಸಂಜೆ ಹಾಸನದಿಂದ ಬೆಂಗಳೂರಿನ ಹೆದ್ದಾರಿ ಹಿಡಿದರೆ ಬಂಪರಿನ ತುಂಬ ಮಳೆಹುಳ.

ಇಷ್ಟೆಲ್ಲ ಬಿದ್ದರೂ ಸುಮ್ಮನೆ ಬಿದ್ದ ಧೂಳು ಗೀರುವುದಿಲ್ಲ ಎನ್ನುವುದನ್ನು ಒತ್ತಿ ಹೇಳಬೇಕು. ಗೀರುವುದು ಕೈ. ಪೆಟ್ರೋಲ್ ಬಂಕಿನಲ್ಲೋ ಕಲ್ಯಾಣಮಂಟಪದ ಮುಂದೋ ಒಬ್ಬ ಹುಡುಗ ಹೆಗಲ ಮೇಲಿನ ಬಟ್ಟೆ ಝಾಡಿಸಿ ಬರುತ್ತಾನೆ. ‘ಅಣ್ಣಾ, ಹಂಗೇ ಒಂದು ಬಟ್ಟೆ ಹೊಡ್ದು ಕೊಡ್ಲಾ?’ ಪ್ರೀತಿಯಿಂದಲೇ ಕೇಳುತ್ತಾನೆ. ಅವನಿಗೆ ದುಡ್ಡು ಕೊಡಿ, ಬಟ್ಟೆ ಹೊಡೆಯಲು ಮಾತ್ರ ಬಿಡಬೇಡಿ. ಒಣ ಧೂಳಿನ ಮೇಲೆ ಒಣ ಬಟ್ಟೆ ಒಮ್ಮೆ ಹರಿದರೆ ಬೆಣಚಿನ ಹರಳುಗಳೆಲ್ಲ ಅದರಡಿ ಉರುಳಿ ಗೆರೆ ಎಳೆಯುತ್ತವೆ. ನೆರಳಲ್ಲಿ ಏನೂ ಕಾಣದು. ಬಿಸಿಲಿಗೆ ತಂದು ನಿಲ್ಲಿಸಿದಾಗ ಸೂರ್ಯನ ಬಿಂಬದ ಸುತ್ತ ಜೇಡರ ಬಲೆಯಂತೆ ಗೆರೆಗಳು ಎದ್ದು ನಿಲ್ಲುತ್ತವೆ. ಗೆರೆಗಳು ನಿಜಕ್ಕೂ ಸುತ್ತಿಕೊಂಡಿರುವುದಿಲ್ಲ, ಎಲ್ಲ ದಿಕ್ಕಿಗೂ ಇರುತ್ತವೆ. ಬೆಳಕಿಗೆ ಅಡ್ಡವಾಗಿ ಬಂದವು ಮಾತ್ರ ಮಿನುಗುವುದರಿಂದ ಕಣ್ಣಿಗೆ ವೃತ್ತವಾಗಿ ಕಾಣುತ್ತವೆ. ನಾವು ಪಕ್ಕಕ್ಕೆ ಸರಿದರೆ ಬಲೆಯೂ ನಮ್ಮ ಜೊತೆ ಸರಿಯುತ್ತದೆ.

ಕಾರು ತೊಳೆಯುವುದು ಹೀಗಿರಬೇಕು. ಬೆಳಗಿನ ಹೊತ್ತು, ನೆರಳಲ್ಲಿ, ಬಾನೆಟ್ಟು ತಣ್ಣಗಿರುವಾಗ. ಮೊದಲು ಬರೀ ನೀರು, ಮೇಲಿನಿಂದ ಕೆಳಕ್ಕೆ, ಸಾಕೆನ್ನಿಸಿದ ಮೇಲೂ ಇನ್ನಷ್ಟು. ಅರ್ಧ ಕೊಳೆ ಯಾರೂ ಮುಟ್ಟದೆ ಇಳಿದುಹೋಗಬೇಕು. ಆಮೇಲೆ ಎರಡು ಬಕೆಟ್. ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಒಂದು ಬಾಗಿಲು ಒರೆಸಿದ ಕೈಗವಸಿನ ಬಟ್ಟೆಯನ್ನು ಬರೀ ನೀರಿನಲ್ಲಿ ಚೆನ್ನಾಗಿ ಜಾಲಿಸಿ, ಆಮೇಲೆಯೇ ಮತ್ತೆ ಶಾಂಪೂವಿಗೆ ಅದ್ದಬೇಕು. ಜಾಲಿಸಿದ ಬಕೆಟ್ಟಿನ ತಳದಲ್ಲಿ ಕೊನೆಗೆ ಕೂತ ಮರಳನ್ನು ಒಮ್ಮೆ ಬೆರಳಿಂದ ಮುಟ್ಟಿ ನೋಡಿ, ಎರಡನೆಯ ಬಕೆಟ್ ಯಾಕೆ ಎನ್ನುವ ಪ್ರಶ್ನೆ ಮತ್ತೆ ಬರುವುದಿಲ್ಲ. ಪಾತ್ರೆ ಸೋಪು ಬೇಡ, ಅದು ಮೇಲಿನ ವ್ಯಾಕ್ಸನ್ನೂ ಎತ್ತಿಕೊಂಡು ಹೋಗುತ್ತದೆ. ಚಕ್ರಕ್ಕೆ ಬೇರೆ ಬಟ್ಟೆ. ಕೈಯನ್ನು ಸುತ್ತ ತಿರುಗಿಸದೆ ನೇರವಾಗಿ ಎಳೆಯಬೇಕು. ನೆಲಕ್ಕೆ ಬಿದ್ದ ಬಟ್ಟೆ ಆ ದಿನ ಮತ್ತೆ ಕಾರನ್ನು ಮುಟ್ಟಬಾರದು.

ನೀರಿನ ವಿಷಯದಲ್ಲಿ ಚನ್ನರಾಯಪಟ್ಟಣದವರಿಗೆ ಕಷ್ಟ ಹೆಚ್ಚು. ಆಳದ ಬೋರ್‌ವೆಲ್ಲಿನ ಗಡಸು ನೀರು ಕಪ್ಪಿನ ಮೇಲೆ ಒಣಗಿತೆಂದರೆ ಪ್ರತಿ ಹನಿಯೂ ಸುಣ್ಣದ ಬಿಳಿ ಉಂಗುರ ಬಿಟ್ಟು ಹೋಗುತ್ತದೆ. ಒಣಗುವ ಮೊದಲು ಮೈಕ್ರೋಫೈಬರ್ ಬಟ್ಟೆ ಹಾಸಿ ನೀರು ಹೀರಿಸಬೇಕು. ಮಳೆನೀರು ಹಿಡಿದಿಟ್ಟುಕೊಂಡವರಿಗೆ ಈ ತಾಪತ್ರಯ ಇಲ್ಲ.

ಹಕ್ಕಿಯ ಹಿಕ್ಕೆ ಇನ್ನೂ ಕೆಟ್ಟದ್ದು. ಅದರ ಬಿಳಿಯೆಲ್ಲ ಯೂರಿಕ್ ಆಮ್ಲ. ಆಮ್ಲಕ್ಕಿಂತಲೂ ಹಾನಿ ಮಾಡುವುದು ಬಿಸಿಲು: ಕಪ್ಪು ಮೈ ಕಾದಾಗ ಕ್ಲಿಯರ್ ಕೋಟ್ ಮೆದುವಾಗಿ ಹಿಗ್ಗುತ್ತದೆ, ಹಿಕ್ಕೆ ಒಣಗಿ ಗಟ್ಟಿಯಾಗುತ್ತದೆ, ಸಂಜೆ ತಣಿಯುವಾಗ ಪದರ ಕುಗ್ಗಿ ಹಿಕ್ಕೆಯ ಉಬ್ಬುತಗ್ಗನ್ನೇ ಅಚ್ಚು ಹೊಯ್ದುಕೊಳ್ಳುತ್ತದೆ. ಒದ್ದೆ ಬಟ್ಟೆಯನ್ನು ಅದರ ಮೇಲೆ ಹಾಕಿ ನೆನೆಯಲು ಬಿಟ್ಟು ಎತ್ತಬೇಕು. ಕೆರೆಯುವುದು ಬೇಡ. ಆಲದ ಮರದ ಕೆಳಗೆ ಹಣ್ಣಿನ ಕಾಲದಲ್ಲಿ ನಿಲ್ಲಿಸುವುದಕ್ಕಿಂತ ಬಿಸಿಲಲ್ಲಿ ನಿಲ್ಲಿಸುವುದು ವಾಸಿ. ಕವರ್ ಹಾಕುತ್ತೇವೆ ಎನ್ನುವವರಿಗೂ ಒಂದು ಮಾತು: ಧೂಳು ಹಿಡಿದ ಕಾರಿನ ಮೇಲೆ ಕವರ್ ಎಳೆದು, ಅದು ಗಾಳಿಗೆ ಇಡೀ ರಾತ್ರಿ ಅಲುಗಾಡಿದರೆ, ಹೊದಿಕೆಯೇ ಮರಳುಕಾಗದ.

ಇಷ್ಟಾದ ಮೇಲೂ ಗೀರು ಬಿದ್ದರೆ ಪಾಲಿಶ್. ಹಾಸನದ ಒಬ್ಬ ಹಳೆಯ ಪೇಂಟರ್ ನನಗೆ ಹೇಳಿದ್ದು ಹೀಗೆ: ‘ಸಾರ್, ಪಾಲಿಶ್ ಅಂದ್ರೆ ಹಚ್ಚೋದು ಅಂದ್ಕೊಂಡವ್ರೆ ಜನ. ಅದು ತೆಗೆಯೋದು. ತೆಗೆದಷ್ಟು ಹೋಯ್ತು, ವಾಪಸ್ ಬರಲ್ಲ.’ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಪಾಲಿಶಿನ ಕಾಂಪೌಂಡಿನಲ್ಲಿರುವ ಅಲ್ಯೂಮಿನಾದ ನುಣ್ಣನೆ ಪುಡಿ ಗೀರಿನ ಸುತ್ತಲಿನ ಪದರವನ್ನು ಗೀರಿನ ತಳದ ಮಟ್ಟಕ್ಕೆ ಇಳಿಸುತ್ತದೆ, ಆಗ ಗೀರು ಕಾಣೆಯಾಗುತ್ತದೆ. ಹಿಂದೆ ಕ್ಲಿಯರ್ ಕೋಟ್ ಇಲ್ಲದ ಕಾಲದಲ್ಲಿ ಉಜ್ಜಿದ ಬಟ್ಟೆಗೆ ಕಪ್ಪು ಹತ್ತುತ್ತಿತ್ತು. ಎಷ್ಟು ಸವೆಯಿತು ಎನ್ನುವುದಕ್ಕೆ ಬಟ್ಟೆಯೇ ಸಾಕ್ಷಿ. ಈಗ ಸವೆಯುವುದು ಪಾರದರ್ಶಕ ಪದರ, ಬಟ್ಟೆ ಬಿಳಿಯಾಗೇ ಇರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಮೈಕ್ರಾನ್ ಮೀಟರ್ ಹಿಡಿದು ದಪ್ಪ ಅಳೆದು ಆಮೇಲೆ ಮೆಷಿನ್ ಮುಟ್ಟುವವರ ಹತ್ತಿರ ಮಾತ್ರ ಕೊಡಬೇಕು. ವೇಗವಾಗಿ ತಿರುಗುವ ಮೆಷಿನ್ನಿಗೆ ಉಣ್ಣೆಯ ಪ್ಯಾಡ್ ಹಾಕಿ ಒತ್ತಿದರೆ ಅಂಚುಗಳಲ್ಲಿ ಬಣ್ಣ ಸುಟ್ಟುಹೋಗುತ್ತದೆ, ಮೆಷಿನ್ ಓಡಿದ ದಾರಿಯೆಲ್ಲ ಬಿಸಿಲಲ್ಲಿ ಬಿಳಿಚಿ ಕಾಣುತ್ತದೆ. ಅಗ್ಗದ ಪಾಲಿಶ್ ಗೀರಿನೊಳಗೆ ಎಣ್ಣೆ ತುಂಬಿ ಮನೆ ತಲುಪುವವರೆಗೆ ಮಿಂಚುತ್ತದೆ. ನಾಲ್ಕು ಸಲ ತೊಳೆದರೆ ಹಳೆಯ ಗೀರು ಎದ್ದು ಕೂರುತ್ತದೆ.

ಕಪ್ಪು ಒಂದು ಕಾಲಕ್ಕೆ ಬಡವರ ಬಣ್ಣವೂ ಆಗಿತ್ತು. ಫೋರ್ಡ್ ಕಂಪನಿ 1914ರಿಂದ 1925ರವರೆಗೆ ತನ್ನ ಮಾಡೆಲ್ ಟಿ ಕಾರನ್ನು ಕಪ್ಪು ಬಣ್ಣದಲ್ಲಿ ಮಾತ್ರ ಮಾರಿತು, ಅದು ಅಗ್ಗ ಮತ್ತು ಗಟ್ಟಿ ಎಂದು. ನಮ್ಮ ಕಡೆ ಬಿಳಿಗೇ ಮಾನ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು 1996ರಲ್ಲಿ ಪ್ರಧಾನಿಯಾದ ಕಾಲದಲ್ಲಿ ಸರ್ಕಾರಿ ಕಾರೆಂದರೆ ಬಿಳಿ ಅಂಬಾಸಿಡರ್. ದೊಡ್ಡವರ ಕಾರು ಬಿಳಿಯೇ ಇರಬೇಕು ಎನ್ನುವ ಭಾವನೆ ನಮ್ಮ ಕಡೆ ಇನ್ನೂ ಪೂರ್ತಿ ಹೋಗಿಲ್ಲ.

ರಕ್ಷಣೆಗೆ ಈಗ ಅಂಗಡಿಯಲ್ಲಿ ಹಲವು ದಾರಿ ತೋರಿಸುತ್ತಾರೆ. ಬ್ರೆಜಿಲಿನ ತಾಳೆಯ ಎಲೆಯಿಂದ ಬರುವ ಕಾರ್ನೂಬಾ ವ್ಯಾಕ್ಸ್ ಕಪ್ಪಿಗೆ ಒಂದು ಆಳವಾದ, ಒದ್ದೆ ಒದ್ದೆಯಾದ ಕಳೆ ಕೊಡುತ್ತದೆ, ನನಗೆ ಅದೇ ಇಷ್ಟ. ಆದರೆ ನಮ್ಮ ಮಳೆಗಾಲದ ಮುಂದೆ ಹೆಚ್ಚು ದಿನ ನಿಲ್ಲುವುದಿಲ್ಲ, ಮತ್ತೆ ಮತ್ತೆ ಹಚ್ಚಬೇಕು. ಸೆರಾಮಿಕ್ ಕೋಟಿಂಗ್ ವರ್ಷಗಟ್ಟಲೆ ನಿಂತು ನೀರನ್ನು ಉರುಳಿಸುತ್ತದೆ, ಹಿಕ್ಕೆ ಬೇಗ ಬಿಡುತ್ತದೆ, ಒಳ್ಳೆಯದೇ. ಅದರ ಡಬ್ಬದ ಮೇಲೆ 9ಎಚ್ ಎಂದು ಬರೆದಿರುವುದು ಪೆನ್ಸಿಲ್ ಗೀಚಿ ನೋಡುವ ಪರೀಕ್ಷೆಯ ಅಂಕಿ, ಮೋಸ್ ಅಳತೆಯದ್ದಲ್ಲ. ಒಂದೆರಡು ಮೈಕ್ರಾನ್ ದಪ್ಪದ ಆ ಪದರ ಬೆಣಚಿನ ಹರಳನ್ನು ತಡೆಯಲಾರದು. ಕೋಟಿಂಗ್ ಹಾಕಿಸಿದೆ, ಇನ್ನು ಹೇಗೆ ಒರೆಸಿದರೂ ನಡೆಯುತ್ತದೆ ಎಂದುಕೊಂಡವರ ಕಾರುಗಳಲ್ಲೇ ಗೀರಿನ ಬಲೆ ಹೆಚ್ಚು. ಹಾಕಿಸುವ ಮೊದಲು ಗೀರು ತೆಗೆಸಿರಬೇಕು, ಇಲ್ಲದಿದ್ದರೆ ಗೀರಿನ ಮೇಲೆಯೇ ಕೋಟಿಂಗ್ ಕೂರುತ್ತದೆ. ನಿಜವಾಗಿ ತಡೆಯುವುದು ಪಿಪಿಎಫ್, 150ರಿಂದ 200 ಮೈಕ್ರಾನ್ ದಪ್ಪದ ಪಾಲಿಯುರೆಥೇನ್ ಹಾಳೆ. ಲಾರಿಯ ಹಿಂದೆ ಹೋಗುವಾಗ ಸಿಡಿಯುವ ಜಲ್ಲಿಯ ಏಟನ್ನೂ ತಿನ್ನುತ್ತದೆ. ಬೆಲೆ ಜಾಸ್ತಿ. ಇಡೀ ಕಾರಿಗೆ ಹಾಕಿಸಲಾಗದವರು ಬಾನೆಟ್ಟಿಗೆ, ಬಂಪರಿಗೆ, ಬಾಗಿಲ ಹಿಡಿಯ ಹಿಂದಿನ ಬಟ್ಟಲಿಗೆ ಹಾಕಿಸಿದರೆ ದುಡ್ಡು ಸಾರ್ಥಕ. ಉಗುರು, ಉಂಗುರದ ಗೀರೆಲ್ಲ ಆ ಬಟ್ಟಲಿನಲ್ಲೇ ಬೀಳುವುದು.

ಆಯುಧಪೂಜೆಯ ದಿನ ಮಾತ್ರ ನಾನು ಕಾರನ್ನು ಮನೆಯವರ ಕೈಗೆ ಬಿಟ್ಟುಕೊಡುತ್ತೇನೆ. ದೊಡ್ಡಮ್ಮ ಬಾನೆಟ್ಟಿನ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆಯುತ್ತಾರೆ, ಅರಿಶಿನ ಕುಂಕುಮ ಇಡುತ್ತಾರೆ, ಅವರು ಇಡುವಾಗ ಬೇಡ ಎನ್ನುವ ಹೊಳಪು ನನಗೆ ಬೇಡ. ವಿಭೂತಿಯನ್ನು ಒದ್ದೆ ಮಾಡಿ ಹಚ್ಚಿದರೆ ತರಚುವುದಿಲ್ಲ, ಅಷ್ಟು ಕೇಳಿಕೊಂಡಿದ್ದೇನೆ, ಅವರೂ ಒಪ್ಪಿದ್ದಾರೆ. ಬಾಳೆಕಂದನ್ನು ಕಟ್ಟುವ ಮೊದಲು ಕಡಿದ ಬುಡಕ್ಕೆ ಪ್ಲಾಸ್ಟಿಕ್ ಸುತ್ತಬೇಕು, ಅದರ ರಸದ ಕಲೆ ಹೋಗುವುದು ಕಷ್ಟ. ಹೂವಿನ ಹಾರದಲ್ಲಿ ತಂತಿ ಇದ್ದರೆ ಬಿಚ್ಚಿ ದಾರ ಹಾಕಿ. ಮಾರನೆಯ ದಿನ ಒರೆಸದೆ ನೀರು ಬಿಟ್ಟು ಇಳಿಸಿ. ಅರಿಶಿನದ ಹಳದಿ ಉಳಿದರೂ ಹೆದರಬೇಕಿಲ್ಲ, ಬಿಸಿಲಿಗೆ ತಾನಾಗಿ ಮಾಸುತ್ತದೆ.

ಅದಾದ ಕೆಲವೇ ದಿನಕ್ಕೆ ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುತ್ತದೆ. ವರ್ಷಕ್ಕೊಮ್ಮೆ ಕಾಣುವ ತಾಯಿ, ಊರಿನ ಗಲ್ಲಿಗಲ್ಲಿಯೂ ತುಂಬಿ ಜನ ಹರಿಯುತ್ತಾರೆ. ನಿಂತ ಕಾರುಗಳ ನಡುವೆ ಸ್ಕೂಟರಿನ ಹ್ಯಾಂಡಲ್, ಚೀಲದ ಜಿಪ್ಪು, ಹೆಗಲೇರಿದ ಮಗುವಿನ ಬೂಟು ನುಸುಳಿಕೊಂಡು ಹೋಗುತ್ತವೆ. ಅಷ್ಟು ಜನಕ್ಕೆ ಅಷ್ಟೇ ಜಾಗವಿದ್ದರೆ ಯಾರನ್ನು ಅಂದು ಏನು? ಆ ದಿನಗಳಲ್ಲಿ ಕಪ್ಪು ಕಾರನ್ನು ಮನೆಯಲ್ಲೇ ಬಿಟ್ಟು ದರ್ಶನಕ್ಕೆ ನಡೆದುಕೊಂಡು ಹೋಗಿ. ಹೊರಡುವ ಮೊದಲು ಮಾತ್ರ ಕಾರನ್ನು ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಕವರ್ ಹಾಕಿ.