ಓಲಾಡುವ ನೆಲದ ಮೇಲೆ ನಿಲ್ಲುವ ಕಾಲು

ಆಂಗ್ಲಭಾಷೆಯಲ್ಲಿ ‘ಸೀ ಲೆಗ್ಸ್’ ಎಂಬುದೊಂದು ನುಡಿಗಟ್ಟುಂಟು. ‘ಕಡಲಗಾಲು’ ಎಂದು ಅದನ್ನು ಕನ್ನಡಿಸಬಹುದು. ಹೊಸ ಊರಿಗೋ ಹೊಸ ಕೆಲಸಕ್ಕೋ ಹೋದವನು ಅಲ್ಲಿಗೆ ಹೊಂದಿಕೊಂಡು ಸ್ಥಿರನಾದರೆ, ಅವನಿಗೆ ಕಡಲಗಾಲು ಬಂದಿತೆನ್ನುತ್ತಾರೆ. ಇದು ನಾವಿಕರಿಂದ ಬಂದ ಮಾತು. 18ನೆಯ ಶತಮಾನದ ಬರಹಗಳಲ್ಲಿಯೇ ಕಾಣಸಿಗುತ್ತದೆ. ಹಡಗು ಓಲಾಡುವಾಗ ಹೊಸಬನ ತಲೆ ಸುತ್ತುತ್ತದೆ, ಹೊಟ್ಟೆ ತೊಳಸುತ್ತದೆ. ದೇಹ ಅಲುಗುತ್ತಿದೆಯೆಂದು ಒಳಗಿವಿ ತಿಳಿಸಿದರೆ, ಎದುರಿನ ಗೋಡೆಯನ್ನೇ ಕಾಣುವ ಕಣ್ಣು ಇಲ್ಲವೆನ್ನುತ್ತದೆ. ಈ ವಿರೋಧವೇ ಸಂಕಟಕ್ಕೆ ಕಾರಣ. ಕೆಲವು ದಿನಗಳಲ್ಲಿ ಹೆಚ್ಚಿನವರಿಗೆ ಅದು ಶಮನವಾಗುತ್ತದೆ. ಅಲೆ ನಿಂತದ್ದರಿಂದಲ್ಲ, ಕಾಲು ಅಲೆಯನ್ನು ಅರಿತದ್ದರಿಂದ.

ಕಡಲಿಲ್ಲದ ನಮ್ಮ ದುರ್ಗದ ಸೀಮೆಗೂ ಈ ಮಾತು ಹೊರಗಿನದಲ್ಲ. ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ನಾವೆಲ್ಲ ಕಂಬಿ ಹಿಡಿದು ತೂರಾಡುತ್ತಿರುವಾಗ, ನಿರ್ವಾಹಕರು ಎರಡು ಕೈಗಳನ್ನೂ ಬಿಟ್ಟು ನಿಂತು ಟಿಕೆಟ್ಟು ಕೊಡುತ್ತಾರೆ. ಅವರಿಗೆ ಬಂದಿರುವುದೂ ಅಂಥದೇ ಕಾಲು.

ಸ್ಥಿರತೆಯಲ್ಲಿ ಎರಡು ಬಗೆ. ಹಿರಿಯೂರಿನ ಬಳಿ 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ಅಣೆಕಟ್ಟೆ ಎರಡು ಗುಡ್ಡಗಳ ನಡುವೆ ಅಲುಗದೆ ನಿಂತು ವೇದಾವತಿಯನ್ನು ತಡೆದಿದೆ. ಅದು ಸ್ಥಾವರದ ಸ್ಥಿರತೆ. ನಾವಿಕನದು ಜಂಗಮದ ಸ್ಥಿರತೆ. ಜಂಗಮವೆಂದರೆ ಚಲಿಸುವುದು, ಅದರ ಮೂಲಧಾತುವಿನ ಅರ್ಥವೇ ಹೋಗುವುದು. ಶರಣರು ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದುದು ಚಂಚಲತೆಯ ಹೊಗಳಿಕೆಯಲ್ಲ. ನಡೆಯುತ್ತಲೇ ನೆಲೆಗೊಳ್ಳುವುದು ಅದರ ಮರ್ಮವೆಂದು ನಾನು ತಿಳಿದಿದ್ದೇನೆ.

ನಾನು ಓದಿದ ಮಠದ ಪ್ರಸಾದನಿಲಯಕ್ಕೆ ಪ್ರತಿ ಜೂನ್ ತಿಂಗಳಲ್ಲಿ ಹಳ್ಳಿಯ ಹೊಸ ಹುಡುಗರು ಬರುತ್ತಿದ್ದರು. ಮೊದಲ ವಾರವೆಲ್ಲ ಅಳು. ಮಗನ ಕಣ್ಣೀರು ಕಂಡು ಒಬ್ಬ ತಂದೆ ಟ್ರಂಕನ್ನು ಹೆಗಲಿಗೇರಿಸಿಕೊಂಡು ಹೊರಟಾಗ, ಅಡುಗೆಮನೆಯ ಹಿರಿಯರೊಬ್ಬರು ತಡೆದು, “ಹುಣ್ಣಿಮೆವರೆಗೆ ಇರಲಿ ಯಜಮಾನ್ರೇ, ಆಮೇಲೂ ಅತ್ತರೆ ನಾನೇ ಕರಕೊಂಡು ಬರ್ತೀನಿ” ಎಂದರು. ಹುಣ್ಣಿಮೆಯ ಹೊತ್ತಿಗೆ ಆ ಹುಡುಗ ಪಂಕ್ತಿಯಲ್ಲಿ ಅಂಬಲಿ ಬಡಿಸುತ್ತಿದ್ದ.

ಇಂದು ನಮ್ಮ ಮಕ್ಕಳು ಬೆಂಗಳೂರಿಗೆ, ಕಡಲಾಚೆಗೆ ಹೋಗುತ್ತಿದ್ದಾರೆ; ಹೆಣ್ಣುಮಕ್ಕಳು ಕಾಣದ ಮನೆಗಳಿಗೆ ಸೊಸೆಯಾಗಿ ನಡೆಯುತ್ತಿದ್ದಾರೆ. ಮೊದಲ ಸಂಕಟದ ಕರೆ ಬಂದೊಡನೆ ‘ಬಂದುಬಿಡು’ ಎನ್ನುವುದು ಹೆತ್ತ ಕರುಳಿನ ಸಹಜ ಮಾತು. ಹಿಂಸೆಯಿದ್ದಲ್ಲಿ ಹಾಗೆನ್ನಲೇಬೇಕು, ತಡಮಾಡಬಾರದು. ಬರಿಯ ಹೊಸತನದ ತೂರಾಟವಾದರೆ, ದಿನವೂ ಮಾತನಾಡಿಸುತ್ತ ತುಸು ಕಾಯೋಣ. ಕಾಲಿಗೆ ಕಲಿಯಲು ಅಷ್ಟು ದಿನ ಬೇಕು.