ನೀರಿಗೂ ಬೆಂಕಿಗೂ ನಡುವೆ ಒಂದು ತಗಡು



ವಾಹನ ಇಟ್ಟುಕೊಂಡವರು ಮೆಕ್ಯಾನಿಕ್ಕನ ಬಾಯಿಂದ ಕೇಳಲು ಅಂಜುವ ಮಾತೊಂದಿದೆ: “ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು.” ಗ್ಯಾಸ್ಕೆಟ್ಟಿನ ಬೆಲೆ ದೊಡ್ಡದಲ್ಲ. ಆದರೆ ಅದು ಕುಳಿತಿರುವ ಜಾಗವನ್ನು ತಲುಪಬೇಕಾದರೆ ಎಂಜಿನ್ನಿನ ಮೇಲ್ಭಾಗವನ್ನೆಲ್ಲ ಕಳಚಬೇಕು, ಕಳಚಿದ್ದನ್ನು ಮತ್ತೆ ಜೋಡಿಸಬೇಕು. ಖರ್ಚೆಲ್ಲ ಆ ದುಡಿಮೆಯದು. ಇಷ್ಟು ಖರ್ಚು ಮಾಡಿದ ಮೇಲೂ ಕೆಲವೇ ತಿಂಗಳಲ್ಲಿ ಅದೇ ರೋಗ ಮರುಕಳಿಸಿತೆಂದು ಹಲುಬುವವರನ್ನು ನೀವು ಕಂಡಿರಬಹುದು. ಹಾಗೇಕಾಗುತ್ತದೆ ಎಂಬುದನ್ನು ನಿಮ್ಮ ಮುಂದಿಡುವುದು ಈ ಬರಹದ ಉದ್ದೇಶ.

ನಾನು ಯಂತ್ರಶಾಸ್ತ್ರ ಓದಿದವನಲ್ಲ; ಗುರುಮಠದಲ್ಲಿ ನಾವು ಕಲಿತದ್ದು ತತ್ತ್ವಶಾಸ್ತ್ರ ಹಾಗೂ ದೈವಶಾಸ್ತ್ರ. ಆದರೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ನೈಋತ್ಯ ಅಂಚಿನ ಒಂದು ಧರ್ಮಕೇಂದ್ರದಲ್ಲಿ ಕೆಲಕಾಲ ಸೇವೆ ಸಲ್ಲಿಸುತ್ತಿದ್ದಾಗ, 2014ರ ಚಳಿಗಾಲದಲ್ಲಿ ಇಂತಹದೊಂದು ದುರಸ್ತಿಯನ್ನು ಮೊದಲಿನಿಂದ ಕೊನೆಯವರೆಗೆ ನೋಡುವ ಅವಕಾಶ ನನಗೆ ದೊರೆಯಿತು. ಕೇಳಿದ ಪ್ರಶ್ನೆಗಳಿಗೆಲ್ಲ ಬೇಸರಿಸದೆ ಉತ್ತರಿಸುವ ಗುರುವೂ ದೊರೆತರು.

ಮೊದಲು ಈ ತಗಡಿನ ಕೆಲಸವೇನೆಂದು ತಿಳಿಯೋಣ. ಎಂಜಿನ್ನಿನ ಕೆಳಭಾಗವನ್ನು ಬ್ಲಾಕ್ ಎನ್ನುತ್ತಾರೆ. ಪಿಸ್ಟನ್ನುಗಳು ಏರಿಳಿಯುವ ಸಿಲಿಂಡರುಗಳು ಇರುವುದು ಅದರಲ್ಲಿ. ಅದರ ಮೇಲೆ ಮುಚ್ಚಳದಂತೆ ಕೂರುವ ಭಾಗ ಹೆಡ್. ಇವೆರಡರ ಸಂಧಿಯಲ್ಲಿರುವುದೇ ಹೆಡ್ ಗ್ಯಾಸ್ಕೆಟ್. ಸಿಲಿಂಡರಿನೊಳಗೆ ಉರಿಯುವ ಅನಿಲದ ಉಷ್ಣತೆ 2,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದರ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಹತ್ತಾರು ಪಟ್ಟು. ಆ ಬೆಂಕಿಯಿಂದ ಕೆಲವೇ ಮಿಲಿಮೀಟರ್ ಆಚೆ ತಂಪುಗೊಳಿಸುವ ನೀರು ಹರಿಯುತ್ತಿರುತ್ತದೆ, ಇನ್ನೊಂದು ರಂಧ್ರದಲ್ಲಿ ಎಣ್ಣೆ ಏರುತ್ತಿರುತ್ತದೆ. ಬೆಂಕಿ, ನೀರು, ಎಣ್ಣೆ ಈ ಮೂರೂ ಒಂದನ್ನೊಂದು ಮುಟ್ಟದಂತೆ ಕಾಯುವುದು ಆ ತೆಳು ತಗಡು. ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿನಲ್ಲೂ ಸೆಕೆಂಡಿಗೆ 50 ಬಾರಿ ಸ್ಫೋಟ ನಡೆಯುತ್ತದೆ ಎಂಬುದನ್ನು ನೆನೆದರೆ, ಅದು ಸೋರುವುದಕ್ಕಿಂತ ಸೋರದೆ ವರ್ಷಗಟ್ಟಲೆ ಉಳಿಯುವುದೇ ಆಶ್ಚರ್ಯವೆನಿಸುತ್ತದೆ.

ನಾನು ಹೇಳಹೊರಟಿರುವುದು ರೋವರ್ ಕಂಪನಿಯ ಕೆ-ಸೀರೀಸ್ ಎಂಜಿನ್ನಿನ ಕಥೆ. 1988ರಲ್ಲಿ ಬೆಳಕಿಗೆ ಬಂದ ಈ ಎಂಜಿನ್ ತಯಾರಾಗುತ್ತಿದ್ದುದು ಬರ್ಮಿಂಗ್‌ಹ್ಯಾಮಿನ ಲಾಂಗ್‌ಬ್ರಿಡ್ಜ್ ಕಾರ್ಖಾನೆಯಲ್ಲಿ. 1905ರಲ್ಲಿ ಹರ್ಬರ್ಟ್ ಆಸ್ಟಿನ್ ಅವರು ಆರಂಭಿಸಿದ, ಮುಂದೆ ಮಿನಿ ಕಾರುಗಳನ್ನು ಲಕ್ಷಾಂತರ ಸಂಖ್ಯೆಯಲ್ಲಿ ಹೊರತಂದ ಕಾರ್ಖಾನೆ ಅದು. ಕೆ-ಸೀರೀಸಿನ ಬ್ಲಾಕ್, ಹೆಡ್ ಎಲ್ಲವೂ ಅಲ್ಯೂಮಿನಿಯಂ. ಹತ್ತು ಉದ್ದನೆಯ ಉಕ್ಕಿನ ಬೋಲ್ಟುಗಳು ಹೆಡ್ಡಿನ ಮೇಲಿನಿಂದ ಇಳಿದು, ಬ್ಲಾಕನ್ನು ಹಾದು, ತಳದಲ್ಲಿರುವ ಒಂದು ಪಟ್ಟಿಗೆ ಕಚ್ಚಿಕೊಳ್ಳುತ್ತವೆ. ಇಡೀ ಎಂಜಿನ್ನನ್ನು ಪದರಪದರವಾಗಿ ಪೇರಿಸಿ ದಾರದಿಂದ ಬಿಗಿದಂತೆ. ಹಗುರವಾದ, ಜಾಣತನದ ರಚನೆಯೆಂದು ಅಂದಿನ ಎಂಜಿನಿಯರುಗಳು ಅದನ್ನು ಮೆಚ್ಚಿದ್ದರು. 1,796 ಸಿಸಿಗೆ ಹಿಗ್ಗಿಸಿದ ಅದರ ರೂಪವನ್ನೇ ನಾರ್ಫೋಕ್‌ನ ಲೋಟಸ್ ಕಂಪನಿ 1996ರಲ್ಲಿ ಎಲೀಸ್ ಎಂಬ ತನ್ನ ಪುಟ್ಟ ಸ್ಪೋರ್ಟ್ಸ್ ಕಾರಿಗೆ ಆರಿಸಿಕೊಂಡಿತು. (ಅಂದಿನ ಒಡೆಯ ರೊಮಾನೊ ಆರ್ಟಿಯೋಲಿಯವರ ಮೊಮ್ಮಗಳು ಎಲೀಸಾಳ ಹೆಸರು ಅದು.) 118 ಅಶ್ವಶಕ್ತಿ ಎಂದರೆ ಇಂದು ದೊಡ್ಡದೆನಿಸದು. ಆದರೆ ಮುಕ್ಕಾಲು ಟನ್ ಕೂಡ ತೂಗದ ಕಾರಿಗೆ ಅಷ್ಟು ಶಕ್ತಿ ಕೊಟ್ಟರೆ ಅದು ಓಡುವ ಬಗೆಯೇ ಬೇರೆ.

ಇಷ್ಟಾಗಿಯೂ ಕೆ-ಸೀರೀಸಿಗೆ ಅಂಟಿದ್ದು ಹೆಡ್ ಗ್ಯಾಸ್ಕೆಟ್ ಸುಡುವ ಎಂಜಿನ್ ಎಂಬ ಅಪಖ್ಯಾತಿ. ಕಾರಣಗಳು ಹಲವು. ಬೇಗ ಬಿಸಿಯೇರಲೆಂದು ಎಂಜಿನ್ನಿನೊಳಗೆ ಬಹಳ ಕಡಿಮೆ ನೀರು ಹಿಡಿಯುವಂತೆ ಅದನ್ನು ರಚಿಸಲಾಗಿತ್ತು. ಆದ್ದರಿಂದ ಸ್ವಲ್ಪ ನೀರು ಸೋರಿದರೂ ಆಪತ್ತು. ಥರ್ಮೋಸ್ಟಾಟ್ ಇರುವುದು ನೀರು ಎಂಜಿನ್ನನ್ನು ಪ್ರವೇಶಿಸುವ ಬದಿಯಲ್ಲಿ. ಎಲೀಸ್‌ನಲ್ಲಿ ಎಂಜಿನ್ ಸೀಟಿನ ಹಿಂದೆ, ರೇಡಿಯೇಟರ್ ಮೂತಿಯಲ್ಲಿ. ನಡುವಿನ ಉದ್ದನೆಯ ಕೊಳವೆಗಳಲ್ಲಿ ತಣ್ಣಗಾಗಿ ನಿಂತ ನೀರು ಥರ್ಮೋಸ್ಟಾಟ್ ತೆರೆದೊಡನೆ ಕಾದ ಲೋಹದ ಮೇಲೆ ಒಮ್ಮೆಲೇ ನುಗ್ಗುತ್ತದೆ. ಶಿರಾಡಿ ಘಟ್ಟದಲ್ಲಿ ಕುದಿದು ನಿಂತ ಲಾರಿಯ ರೇಡಿಯೇಟರಿಗೆ ಕೂಡಲೇ ತಣ್ಣೀರು ಸುರಿಯಬೇಡಿ ಎಂದು ಅನುಭವಿ ಚಾಲಕರು ಎಚ್ಚರಿಸುವುದನ್ನು ನೀವು ಕೇಳಿದ್ದೀರಿ. ಇಲ್ಲಿ ಕಾರು ತನಗೆ ತಾನೇ ಅದರ ಸಣ್ಣ ರೂಪವನ್ನು ಮಾಡಿಕೊಳ್ಳುತ್ತಿತ್ತು. ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವ ಲೋಹ. ಹಿಗ್ಗಿ ಕುಗ್ಗುವಾಗ ಹೆಡ್ ಬ್ಲಾಕಿನ ಮೇಲೆ ಕೂದಲೆಳೆಯಷ್ಟು ಜರುಗುತ್ತದೆ. ಅದನ್ನು ಸ್ಥಾನದಲ್ಲಿ ಹಿಡಿಯಬೇಕಾದ ಡೋವೆಲ್ ಪಿನ್ನುಗಳು ಒಂದು ಕಾಲದಲ್ಲಿ ಪ್ಲಾಸ್ಟಿಕ್ಕಿನವು. ಹೀಗೆ ಜರುಗಿ ಜರುಗಿ ಗ್ಯಾಸ್ಕೆಟ್ಟಿನ ಮೇಲಿನ ರಬ್ಬರಿನಂತಹ ಅಂಚು ಕಿತ್ತುಬರುತ್ತಿತ್ತು.

ನೋಡಿ, ಈ ಪಟ್ಟಿಯಲ್ಲಿ ಗ್ಯಾಸ್ಕೆಟ್ಟಿನ ಸ್ವಂತ ತಪ್ಪು ಎಷ್ಟು ಅಲ್ಪ! ಬೇರೆಲ್ಲೋ ಹುಟ್ಟಿದ ದೋಷ ಅಲ್ಲಿ ಬಂದು ಕಾಣಿಸಿಕೊಳ್ಳುತ್ತದೆ. ಕಂಡಲ್ಲಿಯೇ ರೋಗವಿದೆಯೆಂದು ತಿಳಿದು ತಗಡೊಂದನ್ನು ಬದಲಿಸಿ ಕಳುಹಿಸುವ ಗ್ಯಾರೇಜುಗಳು ಎಲ್ಲ ದೇಶಗಳಲ್ಲೂ ಇವೆ.

ನನಗೆ ಇದನ್ನೆಲ್ಲ ತಿಳಿಸಿದವರು ಲಾಂಗ್‌ಬ್ರಿಡ್ಜ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಎಂಜಿನ್ ಜೋಡಿಸಿದ್ದ ಹಿರಿಯರೊಬ್ಬರು. 2005ರ ಏಪ್ರಿಲ್‌ನಲ್ಲಿ ಎಂಜಿ ರೋವರ್ ದಿವಾಳಿಯಾಗಿ ಸುಮಾರು 6,000 ಮಂದಿ ಕೆಲಸ ಕಳೆದುಕೊಂಡಾಗ ಅವರೂ ಕಳೆದುಕೊಂಡರು. (ಕೊನೆಗಾಲದಲ್ಲಿ ಆ ಕಂಪನಿ ನಮ್ಮ ಟಾಟಾ ಇಂಡಿಕಾವನ್ನು ಸಿಟಿರೋವರ್ ಎಂಬ ಹೆಸರಿನಲ್ಲಿ ಮಾರಿತ್ತು ಎಂದು ಅವರು ನಗುತ್ತ ನನಗೆ ನೆನಪಿಸುತ್ತಿದ್ದರು.) ಆಮೇಲೆ ಉಗ್ರಾಣವೊಂದರಲ್ಲಿ ಕೆಲಸ; ಸಂಜೆ ಮನೆಯ ಹಿಂದಿನ ಶೆಡ್ಡಿನಲ್ಲಿ ಪರಿಚಿತರ ಎಂಜಿನ್ನುಗಳ ದುರಸ್ತಿ. ತಮ್ಮ ಕೈಯಿಂದ ಹೊರಟ ಎಂಜಿನ್ನನ್ನು ಜನ ಹಳಿಯುವಾಗ ಅವರು ವಾದಿಸುತ್ತಿರಲಿಲ್ಲ. “ನೀರು ಕಡಿಮೆಯಾದರೆ ಇದು ತಾಳುವುದಿಲ್ಲ ಫಾದರ್, ಅಷ್ಟೇ,” ಎನ್ನುತ್ತಿದ್ದರು.

ಆ ಚಳಿಗಾಲದಲ್ಲಿ ಅವರ ಶೆಡ್ಡಿಗೆ ಬಂದದ್ದು ನಮ್ಮ ಧರ್ಮಕೇಂದ್ರದ ಒಬ್ಬ ತರುಣನ ಎಲೀಸ್. ವಿದ್ಯುತ್ ಕೆಲಸ ಕಲಿತು ದುಡಿಯತೊಡಗಿದ್ದ ಆತ ಉಳಿತಾಯವನ್ನೆಲ್ಲ ಸುರಿದು ಹಳೆಯ ಕಾರೊಂದನ್ನು ಕೊಂಡಿದ್ದ. ಹಿಂದಿನ ಮಾಲೀಕ ಹೊಸ ಗ್ಯಾಸ್ಕೆಟ್ ಹಾಕಿಸಿದ ರಸೀದಿಯನ್ನು ತೋರಿಸಿಯೇ ಮಾರಿದ್ದನಂತೆ. ಈಗ ಟ್ಯಾಂಕಿನಲ್ಲಿ ಕೂಲೆಂಟ್ ವಾರದಿಂದ ವಾರಕ್ಕೆ ಇಳಿಯುತ್ತಿತ್ತು. ಬೆಳಗ್ಗೆ ಎಂಜಿನ್ ಚಾಲೂ ಮಾಡಿದರೆ ಸಿಹಿ ವಾಸನೆಯ ಬಿಳಿ ಹೊಗೆ ಬಹಳ ಹೊತ್ತು ನಿಲ್ಲುತ್ತಿರಲಿಲ್ಲ. ಎಣ್ಣೆಯ ಮುಚ್ಚಳದೊಳಗೆ ಬೆಣ್ಣೆಯಂತಹ ಕೆನೆ ಕಟ್ಟಿತ್ತು. ಆದರೆ ಚಳಿನಾಡಿನಲ್ಲಿ ಹತ್ತಿರ ಹತ್ತಿರ ಓಡಾಡುವ ಆರೋಗ್ಯವಂತ ಎಂಜಿನ್ನಿನಲ್ಲೂ ತೇವದಿಂದ ಹಾಗೆ ಆಗುವುದುಂಟೆಂದು ಹಿರಿಯರು ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. ಅವರು ನಂಬಿದ್ದು ಒಂದು ಸರಳ ರಾಸಾಯನಿಕ ಪರೀಕ್ಷೆಯನ್ನು. ಕೂಲೆಂಟ್ ಟ್ಯಾಂಕಿನಿಂದ ಏಳುವ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಹಾಯಿಸಬೇಕು. ಸಿಲಿಂಡರಿನ ಹೊಗೆ, ಅಂದರೆ ಇಂಗಾಲದ ಡೈಆಕ್ಸೈಡ್, ನೀರಿನಲ್ಲಿ ಬೆರೆತಿದ್ದರೆ ಆ ನೀಲಿ ಹಳದಿಗೆ ತಿರುಗುತ್ತದೆ. ಅದು ತಿರುಗಿತು.

ಹೆಡ್ ಮೇಲೆದ್ದ ಮೇಲೆ ಅವರು ಮೊದಲು ಮಾಡಿದ ಕೆಲಸ ಸಿಲಿಂಡರಿನ ಲೈನರುಗಳನ್ನು ಕ್ಲ್ಯಾಂಪ್ ಹಾಕಿ ಹಿಡಿದದ್ದು. ಈ ಎಂಜಿನ್ನಿನಲ್ಲಿ ಲೈನರುಗಳು ಬ್ಲಾಕಿನಲ್ಲಿ ಸುಮ್ಮನೆ ಕುಳಿತಿರುತ್ತವೆ. ಹೆಡ್ ಇಲ್ಲದಾಗ ಕ್ರ್ಯಾಂಕನ್ನು ತಿರುಗಿಸಿದರೆ ಪಿಸ್ಟನ್ ಅವುಗಳನ್ನು ಎತ್ತಿಬಿಡಬಹುದು. ಆಮೇಲೆ ಅಳತೆ. ಒಂದೊಂದು ಲೈನರಿನ ಅಂಚೂ ಬ್ಲಾಕಿನ ಮೇಲ್ಮೈಗಿಂತ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಎದ್ದಿರಬೇಕು. ನೀವು ಓದುತ್ತಿರುವಂತಹ ಒಂದು ಕಾಗದದ ದಪ್ಪ ಸರಿಸುಮಾರು ಅಷ್ಟು! ಆ ಒಂದು ಕಾಗದದಷ್ಟು ಉಬ್ಬಿನಿಂದಲೇ ಗ್ಯಾಸ್ಕೆಟ್ ಬೆಂಕಿಯ ಸುತ್ತ ಬಿಗಿಯಾಗಿ ಒತ್ತಲ್ಪಡುತ್ತದೆ. ಲೈನರ್ ಕುಸಿದಿದ್ದರೆ ಎಂತಹ ಒಳ್ಳೆಯ ಗ್ಯಾಸ್ಕೆಟ್ ಹಾಕಿದರೂ ನಿಲ್ಲದು. ನಾಲ್ಕೂ ಲೈನರುಗಳು ಸರಿಯಾಗಿದ್ದವು. ತರುಣನ ಮುಖ ಅರಳಿತು.

ಕೆಟ್ಟ ಸುದ್ದಿ ಬಂದದ್ದು ಹೆಡ್ಡಿನಿಂದ. ಅದನ್ನು ಹಿಂದಿನ ದುರಸ್ತಿಯಲ್ಲಿ ಫೇಸಿಂಗ್ ಮಾಡಿಸಿ ನಯಗೊಳಿಸಲಾಗಿತ್ತು. ಆದರೂ ಲೈನರಿನ ಅಂಚುಗಳು ಮತ್ತೆ ಉಂಗುರದಂತೆ ಅದರಲ್ಲಿ ಅಚ್ಚೊತ್ತಿದ್ದವು. ಹಿರಿಯರು ಮಾತಾಡದೆ ಅದನ್ನು ಮಷಿನ್ ಶಾಪಿಗೆ ಒಯ್ದು ಬ್ರಿನೆಲ್ ಪರೀಕ್ಷೆ ಮಾಡಿಸಿದರು. ಗಟ್ಟಿಯಾದ ಗುಂಡೊಂದನ್ನು ನಿಶ್ಚಿತ ಭಾರದಿಂದ ಲೋಹಕ್ಕೆ ಒತ್ತಿ, ಉಂಟಾದ ಕುಳಿಯನ್ನು ಅಳೆಯುವ ಪರೀಕ್ಷೆ ಅದು. ಹೆಡ್ ಮೆತ್ತಗಾಗಿತ್ತು. ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಶಾಖಸಂಸ್ಕಾರದಿಂದ ಬಂದ ಗಟ್ಟಿತನ ಅತಿಯಾಗಿ ಕಾದರೆ ಹೊರಟುಹೋಗುತ್ತದೆ. ಮೇಲ್ಮೈಯನ್ನು ಎಷ್ಟು ಹೆರೆದರೂ ಅದು ಹಿಂದಿರುಗದು. ನೀರಿಲ್ಲದೆ ಎಂದೋ ಒಮ್ಮೆ ಆ ಎಂಜಿನ್ ಓಡಿತ್ತು. ನೀರು ಎಲ್ಲಿ ಹೋಯಿತೆಂಬುದೂ ತಿಳಿಯಿತು: ಗಾಳಿ ಒಳಬರುವ ಮ್ಯಾನಿಫೋಲ್ಡಿನ ಸೀಲ್ ಹಳತಾಗಿ ಸಣ್ಣಗೆ ಸೋರುತ್ತಿತ್ತು. ಹಿಂದಿನ ಗ್ಯಾರೇಜಿನವರು ಅದನ್ನು ಮುಟ್ಟಿರಲೇ ಇಲ್ಲ.

ಆ ಸಂಜೆ ಶೆಡ್ಡಿನಲ್ಲಿ ನಾವು ಮೂವರೇ ಇದ್ದೆವು. ತರುಣನ ಪತ್ನಿಗೆ ಮಾರ್ಚ್ ತಿಂಗಳಲ್ಲಿ ಹೆರಿಗೆಯಿತ್ತು. ಇನ್ನೊಂದು ಹೆಡ್ ಕೊಳ್ಳುವಷ್ಟು ಹಣ ಆತನಲ್ಲಿರಲಿಲ್ಲ. ಇದೇ ಹೆಡ್ಡಿಗೆ ಇನ್ನೊಮ್ಮೆ ಫೇಸಿಂಗ್ ಮಾಡಿಸಿ ಹೊಸ ಗ್ಯಾಸ್ಕೆಟ್ ಹಾಕಿಕೊಟ್ಟರೆ ಕೆಲವು ತಿಂಗಳಾದರೂ ಓಡೀತಲ್ಲವೇ ಎಂದು ಕೇಳಿದ. ಓಡೀತು ಎಂದರು ಹಿರಿಯರು. ಹಾಗಾದರೆ ಅಷ್ಟೇ ಮಾಡಿಕೊಡಿ, ಓಡುತ್ತಿರುವಾಗಲೇ ಮಾರಿಬಿಡುತ್ತೇನೆ ಎಂದ. ತನಗೂ ಯಾರೋ ಹಾಗೆಯೇ ಮಾರಿದರಲ್ಲ ಎಂಬ ಕಹಿ ಆ ಮಾತಿನಲ್ಲಿತ್ತು.

ಹಿರಿಯರು ಕೈಯೊರಸಿಕೊಳ್ಳುತ್ತ ಹೇಳಿದರು: “ಬೇಕಾದರೆ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿಕೊಡುತ್ತೇನೆ, ಕೂಲಿ ಬೇಡ. ಹೆಡ್ ಕೆಟ್ಟಿದೆ ಎಂದು ಹೇಳಿ ಮಾರು. ಇದನ್ನು ಜೋಡಿಸಿ ಕೊಡುವುದು ಮಾತ್ರ ನನ್ನಿಂದಾಗದು.”

ಆತ ನನ್ನತ್ತ ನೋಡಿದ. ಅವರು ಹೇಳುವುದೇ ಸರಿ ಎಂದೆ. ಹಾಗೆ ಹೇಳುವುದು ನನಗೆ ಸುಲಭವಾಗಿತ್ತು. ನಷ್ಟ ಹೊರಬೇಕಾದವನು ಆತ. ಮರುಮಾತಾಡದೆ ಬಾಗಿಲು ತೆರೆದು ಹೊರಟುಹೋದ. ಮುಂದಿನ ಮೂರು ಭಾನುವಾರ ಆತ ನನ್ನ ಕಣ್ಣಿಗೆ ಬೀಳಲಿಲ್ಲ. ಹಣವುಳ್ಳವರಿಗೆ ಪ್ರಾಮಾಣಿಕತೆ ಅಗ್ಗವೆಂಬ ಮಾತನ್ನು ನಾವು ಬೋಧಿಸುವವರು ಆಗಾಗ ನೆನೆಯಬೇಕು. ಆ ಹಿರಿಯರು ಮಾತ್ರ ಹಣವುಳ್ಳವರಲ್ಲ. ಆ ಕೂಲಿ ಅವರಿಗೂ ಬೇಕಾಗಿತ್ತು.

ಜನವರಿಯ ಕೊನೆಗೆ ತರುಣ ಗುಜರಿಯಲ್ಲಿ ಅದೇ ಜಾತಿಯ ಎಂಜಿನ್ನಿನ ಒಂದು ಹೆಡ್ ಪತ್ತೆಹಚ್ಚಿದ್ದ. ಹಣ ಕೊಡುವ ಮೊದಲೇ ಅದರ ಗಟ್ಟಿತನವನ್ನು ಪರೀಕ್ಷಿಸಿಕೊಂಡೇ ತಂದಿದ್ದ. ಉಳಿದ ಭಾಗಗಳ ಹಣವನ್ನು ತಿಂಗಳು ತಿಂಗಳು ತೀರಿಸುವುದೆಂದು ಮಾತಾಯಿತು. ಹಿರಿಯರು ತಳದ ಆಯಿಲ್ ಚೇಂಬರನ್ನೂ ಇಳಿಸಿ, ಬೋಲ್ಟುಗಳು ಕಚ್ಚುವ ಪಟ್ಟಿಯ ಜಾಗಕ್ಕೆ ಮುಂದೆ ಬಂದ ಹೆಚ್ಚು ಗಟ್ಟಿಯಾದ ಪಟ್ಟಿಯನ್ನು ಹಾಕಿದರು. ಪ್ಲಾಸ್ಟಿಕ್ ಡೋವೆಲ್ಲುಗಳ ಬದಲು ಉಕ್ಕಿನವು, ಒಂಟಿ ತಗಡಿನ ಬದಲು ಹಲವು ಪದರಗಳ ಉಕ್ಕಿನ ಗ್ಯಾಸ್ಕೆಟ್, ಹೊಸ ಬೋಲ್ಟುಗಳು, ಸೋರುತ್ತಿದ್ದ ಸೀಲಿನ ಜಾಗದಲ್ಲಿ ಹೊಸ ಸೀಲ್.

ಬೋಲ್ಟು ಬಿಗಿಯುವ ಕ್ರಮ ನನಗೆ ಬಹಳ ಹಿಡಿಸಿತು. ನಡುವಿನಿಂದ ಹೊರಕ್ಕೆ ಸರದಿಯಂತೆ, ಮೊದಲು ಹತ್ತಕ್ಕೂ 20 ನ್ಯೂಟನ್ ಮೀಟರ್. ಅದು ಹಗುರವಾದ ಹಿಡಿತ. ಆಮೇಲೆ ಬಲವನ್ನು ಅಳೆಯುವುದಿಲ್ಲ, ತಿರುವನ್ನು ಅಳೆಯುತ್ತಾರೆ: ಒಂದೊಂದನ್ನೂ ಅರ್ಧ ಸುತ್ತು, ಮತ್ತೆ ಅದೇ ಸರದಿಯಲ್ಲಿ ಇನ್ನೊಂದು ಅರ್ಧ ಸುತ್ತು. ಕಾರಣವಿಷ್ಟೇ: ಸ್ಪ್ಯಾನರಿಗೆ ಹಾಕುವ ಬಲದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಘರ್ಷಣೆಗೇ ಹೋಗುತ್ತದೆ, ಉಳಿದ ಒಂದು ಪಾಲು ಮಾತ್ರ ಬೋಲ್ಟನ್ನು ಎಳೆಯುತ್ತದೆ. ಆದ್ದರಿಂದ ಕೈಗೆ ಎಷ್ಟು ಬಿಗಿಯೆನಿಸಿತು ಎಂಬುದನ್ನು ನಂಬಿದರೆ ಮೋಸ. ತಿರುವನ್ನು ನಂಬಿದರೆ ಬೋಲ್ಟ್ ಎಷ್ಟು ಹಿಗ್ಗಿತೆಂಬ ಲೆಕ್ಕ ಸಿಗುತ್ತದೆ. ಆ ಹಿಗ್ಗಿದ ಉಕ್ಕು ಸ್ಪ್ರಿಂಗಿನಂತೆ ಹೆಡ್ಡನ್ನು ಸದಾ ಕೆಳಕ್ಕೆ ಎಳೆದು ಹಿಡಿಯುತ್ತದೆ. ಪ್ರತಿ ಬೋಲ್ಟಿನ ತಲೆಗೂ ಬಿಳಿ ಬಣ್ಣದ ಗುರುತು ಹಾಕಿ ತಿರುಗಿಸಿದರು. ತರುಣ ಟಾರ್ಚ್ ಹಿಡಿದು ಎಣಿಸುತ್ತಿದ್ದ.

ನೀರು ತುಂಬಿ, ಕೊಳವೆಗಳಲ್ಲಿ ಸಿಕ್ಕ ಗಾಳಿಯನ್ನೆಲ್ಲ ಹೊರಬಿಡಲು ಒಂದಿಡೀ ಮಧ್ಯಾಹ್ನ ಬೇಕಾಯಿತು. ಗಾಳಿಯ ಗುಳ್ಳೆಯೊಂದು ಒಳಗುಳಿದರೆ ಉಷ್ಣತೆಯ ಮುಳ್ಳಿಗೂ ಸುಳ್ಳು ಹೇಳಬರುತ್ತದೆ. ಅದರ ಸಂವೇದಕ ನೀರಿನಲ್ಲಿ ಮುಳುಗಿರದಿದ್ದರೆ ಎಂಜಿನ್ ಸುಡುತ್ತಿದ್ದರೂ ಮುಳ್ಳು ತಣ್ಣಗೆ ನಿಂತಿರಬಹುದು. ಅದಕ್ಕೇ ಹಿರಿಯರು ತರುಣನಿಗೆ ಮುಳ್ಳನ್ನು ನೋಡಬೇಡ, ಟ್ಯಾಂಕನ್ನು ನೋಡು ಎಂದರು: ಪ್ರತಿದಿನ ಬೆಳಗ್ಗೆ, ಎಂಜಿನ್ ತಣ್ಣಗಿರುವಾಗ. ನೀವು ಯಾವ ವಾಹನ ಓಡಿಸುವವರಾದರೂ ಈ ಮಾತು ನಿಮಗೂ ಸಲ್ಲುತ್ತದೆ.

ಮಾರ್ಚ್ ತಿಂಗಳಲ್ಲಿ ಅವರಿಗೆ ಹೆಣ್ಣು ಮಗುವಾಯಿತು. ಎಲೀಸ್‌ನಲ್ಲಿ ಇರುವುದು ಎರಡೇ ಸೀಟು, ಆದ್ದರಿಂದ ಬೇಸಿಗೆಗೆ ಆತ ಅದನ್ನು ಮಾರಿದ. ಕೊಳ್ಳಲು ಬಂದವರಿಗೆ ಹೆಡ್ ಬದಲಿಸಿದ ವಿಷಯ, ಹಳೆಯ ಹೆಡ್ಡಿನ ಪರೀಕ್ಷೆಯ ಚೀಟಿ, ಹಾಕಿದ ಭಾಗಗಳ ರಸೀದಿಗಳು ಎಲ್ಲವನ್ನೂ ತೋರಿಸಿದನಂತೆ. ಬಂದ ಬೆಲೆ ಆತ ಒಟ್ಟಾರೆ ಹಾಕಿದ ಹಣಕ್ಕಿಂತ ಸ್ವಲ್ಪ ಕಡಿಮೆಯೇ. ಹಿರಿಯರಿಗೆ ಉಳಿದಿದ್ದ ಬಾಕಿಯನ್ನು ಆ ವಾರವೇ ತೀರಿಸಿದ.