ಎಣಿಕೆಗೆ ಬಾರದ ಹುಡುಗ

ನಾನು ಉಪಾಧ್ಯಾಯನಾಗಿದ್ದಾಗ ಒಮ್ಮೆ ಒಂದು ನಮೂನೆ ಬಂದಿತು. ತರಗತಿಯಲ್ಲಿ ಆಟಿಸಂ ಉಳ್ಳ ಮಕ್ಕಳೆಷ್ಟು ಎಂಬುದು ಪ್ರಶ್ನೆ. "ಯಾರೂ ಇಲ್ಲ" ಎಂದು ಬರೆದು ರುಜು ಹಾಕಿದೆನು. ಅರೆ ನಿಮಿಷವೂ ಹಿಡಿಯಲಿಲ್ಲ.

ಇಂಗ್ಲೆಂಡಿನ ಮಿಡ್ಲ್‌ಸೆಕ್ಸ್ ಪ್ರಾಂತದ 8ರಿಂದ 10 ವರ್ಷದ ಮಕ್ಕಳನ್ನು ಸೋಸಿ ನೋಡಿದ ವಿಕ್ಟರ್ ಲಾಟರ್ ಎಂಬವರು 1966ರಲ್ಲಿ ಪ್ರಕಟಿಸಿದ ಲೆಕ್ಕ, 10,000ಕ್ಕೆ ಸುಮಾರು 4.5. ದಕ್ಷಿಣ ಕೊರಿಯದ ಗೋಯಾಂಗ್ ನಗರದಿಂದ 2011ರಲ್ಲಿ ಬಂದುದು ನೂರಕ್ಕೆ 2.64; ಎಂದರೆ 10,000ಕ್ಕೆ 264! ಪಿಡುಗು ಹಬ್ಬಿತೆಂದು ವಾಚಕರು ಗಾಬರಿಪಡಬೇಕಾಗಿಲ್ಲ. ನಡುವಣ ವರ್ಷಗಳಲ್ಲಿ ಲಕ್ಷಣದ ವ್ಯಾಖ್ಯೆಯೇ ವಿಶಾಲವಾಗಿದ್ದಿತು. ಅಲ್ಲದೆ ಗೋಯಾಂಗಿನವರು ಸಾಮಾನ್ಯ ಶಾಲೆಗಳಲ್ಲಿಯೂ ತಂದೆತಾಯಿಗಳನ್ನೂ ಉಪಾಧ್ಯಾಯರನ್ನೂ ವಿಚಾರಿಸಿ, ಸಂಶಯ ಬಂದ ಮಕ್ಕಳನ್ನು ಪರೀಕ್ಷಿಸಿದರು. ಕಂಡುಬಂದವರಲ್ಲಿ ಮೂರರಲ್ಲಿ ಎರಡು ಪಾಲು ಆ ಸಾಮಾನ್ಯ ಶಾಲೆಗಳಲ್ಲಿಯೇ, ಯಾರ ಗುರುತಿಗೂ ಸಿಗದೆ, ಯಾವ ನೆರವೂ ಇಲ್ಲದೆ ಕುಳಿತಿದ್ದರು.

ಇದನ್ನೋದಿದಾಗ ನನ್ನ ತರಗತಿಯ ಕಿಟಕಿಯ ಬದಿಯ ಹುಡುಗನು ನೆನಪಾದನು. 20ರ ಮಗ್ಗಿಯನ್ನು ತಪ್ಪಿಲ್ಲದೆ ಒಪ್ಪಿಸುವನು; ಮುಖವೆತ್ತಿ ನೋಡನು; ಗಂಟೆ ಹೊಡೆದರೆ ಕಿವಿ ಮುಚ್ಚಿಕೊಳ್ಳುವನು. "ಮೊಂಡ" ಎಂದು ಬೆಂಚಿನ ಮೇಲೆ ನಿಲ್ಲಿಸಿದವನು ನಾನೇ. ಅವನಿಗೆ ಆಟಿಸಂ ಇದ್ದಿತೆಂದು ಹೇಳಲಾರೆ, ನಾನು ವೈದ್ಯನಲ್ಲ. ಆದರೆ "ಇಲ್ಲ" ಎಂದು ಬರೆಯುವಾಗಲೂ ನಾನು ವೈದ್ಯನಾಗಿರಲಿಲ್ಲವಷ್ಟೆ! ಅವನ ತಾಯಿ ಎರಡು ಸಲ ಶಾಲೆಗೆ ಬಂದು, ಬಾಗಿಲಲ್ಲೇ ನಿಂತು, "ಮೇಷ್ಟ್ರೇ, ಇವನು ಯಾಕೆ ಹೀಗೆ?" ಎಂದು ಕೇಳಿದ್ದಳು.